ಮಲಂಗಸಾಬರ ಡ್ರೈ ವೇಟ್

ಒಂದು ಟ್ರಸ್ಟು ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ಊರುಗಳಲ್ಲಿ ಒಂದೊಂದು ಡಯಾಲಿಸಿಸ್ ಕೇಂದ್ರ ನಡೆಸುತ್ತಿತ್ತು. ಕಿಡ್ನಿ ಕೆಟ್ಟವರು ಸುತ್ತಲಿನ ಹಳ್ಳಿಗಳಿಂದ ಬಸ್ಸು ಹಿಡಿದು ವಾರಕ್ಕೆ ಎರಡು ಸಲ ಬಂದು, ನಾಲ್ಕು ತಾಸು ಯಂತ್ರಕ್ಕೆ ಕೈಯೊಡ್ಡಿ ಮಲಗಿ, ಸುಸ್ತಾಗಿ ಮತ್ತೆ ಬಸ್ಸು ಹಿಡಿದು ಹೋಗುತ್ತಿದ್ದರು. ಜೇವರ್ಗಿ ಕೇಂದ್ರದ ಮೇಲಿನ ಮಹಡಿಯಲ್ಲಿ ಟ್ರಸ್ಟಿನ ಕಚೇರಿ. ಅಲ್ಲಿನ ಮೂಲೆಯ ಕೋಣೆಯಲ್ಲಿ ಅಫ್ರೀನ ಕೂರುತ್ತಿದ್ದಳು. ಮೂರೂ ಕೇಂದ್ರಗಳ ಕಂಪ್ಯೂಟರ್ ಕೆಲಸ ಅವಳದು.

ಕಲಬುರಗಿಯಲ್ಲಿ ಬಿಇ ಓದಿ, ಅಲ್ಲೇ ಅಂಗಡಿಗಳಿಗೆ ಬಿಲ್ಲಿನ ಪ್ರೋಗ್ರಾಮು ಬರೆದುಕೊಡುವ ಸಣ್ಣ ಕಂಪನಿಯೊಂದರಲ್ಲಿದ್ದವಳು, ಮುಜೀಬನನ್ನು ಮದುವೆಯಾಗಿ ಜೇವರ್ಗಿಗೆ ಬಂದಿದ್ದಳು. ಮುಜೀಬನದು ಬೈಕ್ ರಿಪೇರಿಯ ಗ್ಯಾರೇಜು. ಮಗಳು ನೂರೀನಳಿಗೆ ಹಲ್ಲು ಬರುವ ಕಾಲ. ರಾತ್ರಿಯೆಲ್ಲ ಅಳುತ್ತಿತ್ತು ಕೂಸು. ಹಗಲು ಅತ್ತೆ ಖಾಸೀಂಬಿ ನೋಡಿಕೊಳ್ಳುತ್ತಿದ್ದರು. ರಾತ್ರಿ ಅಫ್ರೀನಳ ಪಾಳಿ. ಆ ವರ್ಷ ಅವಳಿಗೆ ಕಣ್ಣು ಉರಿಯದೆ ಇದ್ದ ದಿನ ನೆನಪಿಲ್ಲ.

ಟ್ರಸ್ಟಿನ ಹಳೆಯ ಪ್ರೋಗ್ರಾಮನ್ನು ಯಾರೋ ಬರೆದು, ಯಾರಿಗೂ ವಿವರಿಸದೆ ಬಿಟ್ಟು ಹೋಗಿದ್ದರು. ಆಳಂದದವರೂ ಅಫಜಲಪುರದವರೂ ಜೇವರ್ಗಿಯ ಇದೇ ಕಂಪ್ಯೂಟರಿಗೆ ದೂರದಿಂದ ಸೇರಿ ಅದನ್ನು ತೆರೆಯಬೇಕಿತ್ತು. ಒಬ್ಬರು ಒಳಗೆ ಬಂದರೆ ಇನ್ನೊಬ್ಬರು ಹೊರಗೆ ಬೀಳುತ್ತಿದ್ದರು. "ನೀವು ಜರಾ ಹೊರಗ ಬರ್ರಿ, ನಂದೊಂದು ಪೇಷಂಟ್ ಅದ" ಎಂದು ಸಿಸ್ಟರುಗಳು ಫೋನಿನಲ್ಲಿ ಒಬ್ಬರನ್ನೊಬ್ಬರು ಬೇಡಿಕೊಳ್ಳುತ್ತಿದ್ದರು. ಜೊತೆಗೆ, ಅದು ಇವತ್ತಿನದನ್ನು ಹಿಂದಿನದರ ಮೇಲೆಯೇ ಬರೆಯುತ್ತಿತ್ತು. ಹಿಂದಿನ ವಾರ ರೋಗಿಯ ತೂಕ ಎಷ್ಟಿತ್ತು ಎಂದು ಕೇಳಿದರೆ ಉತ್ತರವಿರಲಿಲ್ಲ.

ಮೂರೂ ಕೇಂದ್ರಗಳಿಗೆ ಇದ್ದ ಒಬ್ಬನೇ ಡಾಕ್ಟರು ಅರುಣಕುಮಾರ. ವಾರದಲ್ಲಿ ಎರಡೆರಡು ದಿನ ಒಂದೊಂದು ಊರು. ಕಾರಿನಲ್ಲೇ ಊಟ, ಕಾರಿನಲ್ಲೇ ನಿದ್ದೆ. ಒಂದು ದಿನ ಅಫ್ರೀನಳ ಕೋಣೆಯ ಬಾಗಿಲಿಗೆ ಒರಗಿ ನಿಂತು, "ಹೊಸಾದು ಮಾಡ್ರಿ ಮೇಡಂ. ಮೂರೂ ಕಡೆ ಒಮ್ಮಿಗೇ ತೆರೀಬೇಕು. ಅಷ್ಟ ಆದ್ರ ನನಗ ಸಾಕು" ಎಂದರು. ಅವಳು ಹೂಂ ಎಂದಳು.

ಹೊಸ ಪ್ರೋಗ್ರಾಮು ಸರ್ವರಿನಲ್ಲಿ ಇರುವುದು. ಕೇಂದ್ರದವರು ಬ್ರೌಸರಿನಲ್ಲಿ ನೋಡುವುದು. ಡೇಟಾಬೇಸ್ ಹಳೆಯದೇ. ಅದರಲ್ಲಿ ಎಲ್ಲ ರೋಗಿಗಳ ವಿವರ ಇತ್ತು, ಅದನ್ನು ಅಲುಗಿಸುವಂತಿರಲಿಲ್ಲ. ಎರಡನ್ನೂ ಜೋಡಿಸಲು ಅವಳು ಓಆರ್‌ಎಂ ಎನ್ನುವ ಸಾಧನವನ್ನು ಆರಿಸಿಕೊಂಡಳು. ಹಳೆಯ ಪ್ರೋಗ್ರಾಮಿನಲ್ಲಿ ಡೇಟಾಬೇಸಿಗೆ ಹೇಳಬೇಕಾದ್ದನ್ನೆಲ್ಲ ಎಸ್‌ಕ್ಯೂಎಲ್ ಭಾಷೆಯ ಉದ್ದುದ್ದ ಸಾಲುಗಳಲ್ಲಿ ಎಲ್ಲೆಂದರಲ್ಲಿ ಬರೆದಿದ್ದರು. ಓಆರ್‌ಎಂ ಇದ್ದರೆ ಆ ಕಷ್ಟವಿಲ್ಲ. ರೋಗಿಗೆ ಒಂದು ಕ್ಲಾಸು, ಎಂದರೆ ವಿವರಗಳ ಒಂದು ನಮೂನೆ, ಪಾಳಿಗೆ, ಎಂದರೆ ಪ್ರತಿ ಸಲದ ಡಯಾಲಿಸಿಸ್‌ಗೆ, ಒಂದು ಕ್ಲಾಸು, ಒಬ್ಬ ರೋಗಿಗೆ ಅನೇಕ ಪಾಳಿಗಳು ಎಂದು ಪ್ರೋಗ್ರಾಮಿನ ಭಾಷೆಯಲ್ಲೇ ಬರೆದಿಟ್ಟರೆ, ಅದನ್ನು ಡೇಟಾಬೇಸಿನ ಕೋಷ್ಟಕಗಳ, ಅಂದರೆ ಟೇಬಲುಗಳ, ಭಾಷೆಗೆ ಓಆರ್‌ಎಂ ತಾನೇ ತಿರುಗಿಸಿಕೊಳ್ಳುತ್ತದೆ.

ಹಳೆಯ ರೋಗಿಗಳ ಟೇಬಲಿನಲ್ಲಿ 'ಡಬ್ಲ್ಯೂಟಿ ಒನ್', 'ಡಬ್ಲ್ಯೂಟಿ ಟೂ' ಎಂಬ ಎರಡು ಕಾಲಮ್ಮುಗಳಿದ್ದವು. ಮೊದಲನೆಯದು ರೋಗಿ ಬಂದಾಗಿನ ತೂಕವೆಂದು ಊಹಿಸಬಹುದಿತ್ತು. ಎರಡನೆಯದು ಏನೆಂದು ಅವಳು ಅಫಜಲಪುರ ಕೇಂದ್ರದ ಹಿರಿಯ ಸಿಸ್ಟರ್ ಸುಭದ್ರಾಬಾಯಿಗೆ ಫೋನು ಮಾಡಿ ಕೇಳಿದಳು.

"ಅದು ಡ್ರೈ ವೇಟ್, ತಂಗಿ," ಎಂದರು ಸುಭದ್ರಾಬಾಯಿ. "ಇವರಿಗೆ ಉಚ್ಚಿ ಬರಂಗಿಲ್ಲಲ್ಲ, ಕುಡಿದ ನೀರೆಲ್ಲ ಮೈಯಾಗ ಕುಂತಿರ್ತದ. ಆ ನೀರು ತೆಗದ ಮ್ಯಾಲ ಎಷ್ಟು ತೂಕ ಇರಬೇಕು ಅಂತ ಡಾಕ್ಟರ್ ಸಾಹೇಬ್ರು ಗೊತ್ತು ಮಾಡಿರ್ತಾರ. ಬಂದಾಗಿನ ತೂಕದಾಗ ಅದನ್ನ ಕಳೀತೀವಿ. ಉಳಿದಷ್ಟು ನೀರು ಮಷೀನ್ ಎಳೀತದ."

"ಅದು ತಪ್ಪಾದ್ರ, ಅಕ್ಕಾರ?"

"ಕಮ್ಮಿ ಎಳೆದ್ರ ದಮ್ಮು ಹತ್ತತದ. ಜಾಸ್ತಿ ಎಳೆದ್ರ ಬಿಪಿ ಬೀಳ್ತದ, ಕೈಕಾಲು ಸೆಳೀತಾವ. ಹೋಗಿಬಿಡೂದೂ ಉಂಟು."

ಅಷ್ಟು ಮುಖ್ಯವಾದದ್ದಕ್ಕೆ 'ಡಬ್ಲ್ಯೂಟಿ ಟೂ' ಎಂಬ ಹೆಸರು ಅಫ್ರೀನಳಿಗೆ ಸರಿಕಾಣಲಿಲ್ಲ. ಕೆಲಸ ಮುಗಿಯುತ್ತ ಬಂದ ದಿನಗಳಲ್ಲಿ ತನ್ನ ಕ್ಲಾಸಿನಲ್ಲಿ ಅದನ್ನು 'ಡ್ರೈ ವೇಟ್' ಎಂದು ಬದಲಿಸಿದಳು. ಮುಂದೆ ಯಾರೇ ಓದಿದರೂ ತಿಳಿಯಲಿ ಎಂದು. ಒಳ್ಳೆಯ ಕೆಲಸ ಮಾಡಿದೆನೆಂದೇ ಅವಳಿಗೆ ಅನ್ನಿಸಿತ್ತು.

ಓಆರ್‌ಎಂನಲ್ಲಿ ಒಂದು ಸೌಲಭ್ಯವಿದೆ. ಪ್ರೋಗ್ರಾಮು ಶುರುವಾದಾಗ ಅದು ಕ್ಲಾಸುಗಳನ್ನೂ ಟೇಬಲುಗಳನ್ನೂ ಹೋಲಿಸಿ ನೋಡುತ್ತದೆ. ಕ್ಲಾಸಿನಲ್ಲಿ ಇದ್ದು ಟೇಬಲಿನಲ್ಲಿ ಇಲ್ಲದ ಕಾಲಮ್ಮನ್ನು ತಾನೇ ಸೇರಿಸುತ್ತದೆ, ಕ್ಲಾಸಿನಲ್ಲಿ ಇಲ್ಲದ್ದನ್ನು ಕಿತ್ತು ಹಾಕುತ್ತದೆ. ಪ್ರೋಗ್ರಾಮು ಕಟ್ಟುವಾಗ ಇದು ಅನುಕೂಲ. ಅಫ್ರೀನ ತನ್ನ ಲ್ಯಾಪ್‌ಟಾಪಿನಲ್ಲಿ ಕಲ್ಪಿಸಿದ ನಾಲ್ಕಾರು ರೋಗಿಗಳ ಹೆಸರಿಟ್ಟುಕೊಂಡು ಕೆಲಸ ಮಾಡುತ್ತಿದ್ದಳು. ಪ್ರತಿ ಸಲ ಆ ಹೆಸರುಗಳನ್ನೂ ತೂಕಗಳನ್ನೂ ಹೊಸದಾಗಿ ತುಂಬುತ್ತಿದ್ದಳು. ಹಾಗಾಗಿ ಯಾವ ಕಾಲಮ್ಮು ಹೋಯಿತು, ಯಾವುದು ಬಂತು ಎಂಬುದು ಅವಳ ಕಣ್ಣಿಗೆ ಬೀಳಲೇ ಇಲ್ಲ. ನಿಜವಾದ ಡೇಟಾಬೇಸಿಗೆ ಜೋಡಿಸುವಾಗ ಈ ಸೌಲಭ್ಯವನ್ನು ಮುಚ್ಚಬೇಕೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಕೇಂದ್ರಗಳಿಗೆ ರಜೆಯಿದ್ದ ಒಂದು ಭಾನುವಾರ ಜೋಡಣೆಗೆ ಗೊತ್ತಾಯಿತು. ಹಿಂದಿನ ರಾತ್ರಿ ನೂರೀನ ಕಣ್ಣು ಮುಚ್ಚಿರಲಿಲ್ಲ. ಅಫ್ರೀನ ಮಧ್ಯಾಹ್ನ ಕಚೇರಿಗೆ ಬಂದು, ಲ್ಯಾಪ್‌ಟಾಪಿನ ಸೆಟ್ಟಿಂಗುಗಳ ಕಡತವನ್ನು ಸರ್ವರಿಗೆ ನಕಲು ಮಾಡಿದಳು. ಡೇಟಾಬೇಸಿನ ವಿಳಾಸ ಬದಲಿಸಿದಳು. ಪಾಸ್‌ವರ್ಡ್ ಬದಲಿಸಿದಳು. ಕೆಳಗೆ ಇನ್ನೊಂದು ಸಾಲು ಇತ್ತು, ಆ ಸೌಲಭ್ಯವನ್ನು ತೆರೆದಿಡುವುದು. ಅದನ್ನು ನೋಡಿದಳೋ ಇಲ್ಲವೋ ಆಮೇಲೆ ಎಷ್ಟು ನೆನೆಸಿಕೊಂಡರೂ ಅವಳಿಗೆ ಹೊಳೆಯಲಿಲ್ಲ. ಪ್ರೋಗ್ರಾಮು ಶುರುವಾಯಿತು. ಒಂದು ದೋಷದ ಸಂದೇಶವೂ ಬರಲಿಲ್ಲ. ಮೊಬೈಲಿನಲ್ಲಿ ತೆರೆದು ನೋಡಿದರೆ ಹೆಸರು, ಊರು, ರಕ್ತದ ಗುಂಪು, ಪಾಳಿಯ ದಿನ ಎಲ್ಲ ಬಂದಿದ್ದವು. ಅವಳು ಕುರ್ಚಿಗೆ ಒರಗಿ ಒಂದು ಗಳಿಗೆ ಕಣ್ಣು ಮುಚ್ಚಿದಳು. ಆಮೇಲೆ ಮನೆಗೆ ಹೋದಳು.

ಸೋಮವಾರ ಬೆಳಿಗ್ಗೆ ಅವಳು ಕಚೇರಿಯ ಮೆಟ್ಟಿಲು ಹತ್ತುತ್ತಿರುವಾಗಲೇ ಸುಭದ್ರಾಬಾಯಿಯ ಫೋನು.

"ಛಲೋ ಆಗ್ಯಾದ ತಂಗಿ, ಜಲ್ದಿ ತೆರೀತದ. ಖರೇ, ಡ್ರೈ ವೇಟಿನ ಜಾಗಾ ಖಾಲಿ ಕಾಣಾಕತ್ತದ."

"ಯಾರ್ದು, ಅಕ್ಕಾರ?"

"ಎಲ್ಲಾರ್ದೂ."

ಅಫ್ರೀನ ಅಲ್ಲೇ ಮೆಟ್ಟಿಲ ಮೇಲೆ ಕುಳಿತು ಮೊಬೈಲಿನಲ್ಲಿ ನೋಡಿದಳು. ಒಂದರ ಕೆಳಗೊಂದು ಖಾಲಿ ಮನೆಗಳು. ಏನಾಗಿದೆ ಎಂದು ಆ ಕ್ಷಣಕ್ಕೇ ತಿಳಿಯಿತು. 'ಡಬ್ಲ್ಯೂಟಿ ಟೂ' ಎಂಬ ಹೆಸರು ಕ್ಲಾಸಿನಲ್ಲಿ ಇರಲಿಲ್ಲ. ಓಆರ್‌ಎಂ ಅದನ್ನು ಕಿತ್ತು ಎಸೆದು, 'ಡ್ರೈ ವೇಟ್' ಎಂಬ ಹೊಸ ಖಾಲಿ ಕಾಲಮ್ಮು ಮಾಡಿಟ್ಟಿತ್ತು. ಹೆಸರು ಬದಲಾಯಿತೆಂದು ಅದಕ್ಕೆ ಹೇಗೆ ಗೊತ್ತಾಗಬೇಕು? ಅವಳು ಹೇಳಿದ್ದನ್ನೇ ಅದು ಮಾಡಿತ್ತು.

ಕೋಣೆಗೆ ಹೋಗಿ ಬ್ಯಾಕಪ್ ಹುಡುಕಿದಳು. ಪ್ರತಿ ರಾತ್ರಿ ತಾನೇ ಆಗಬೇಕಿದ್ದ ಬ್ಯಾಕಪ್ಪು ಮೊಹರಮ್ಮಿನ ಹೊತ್ತಿಗೆ ಡಿಸ್ಕು ತುಂಬಿ ನಿಂತುಹೋಗಿತ್ತು. ಯಾರೂ ನೋಡಿರಲಿಲ್ಲ. ನೋಡಬೇಕಾದವಳು ಅವಳೇ. ಅಲ್ಲಿಂದ ಈಚೆಗೆ ಹೊಲದಲ್ಲಿ ತೊಗರಿ ಹೂಬಿಟ್ಟು, ಕಾಯಾಗಿ, ರಾಶಿಯೂ ಮುಗಿದಿತ್ತು. ಕಾಗದದ ಮೇಲೆ ತೂಕ ಬರೆಯುವುದನ್ನು ಕೇಂದ್ರಗಳಲ್ಲಿ ಎಂದೋ ಬಿಟ್ಟಿದ್ದರು. ಡಾ. ಅರುಣಕುಮಾರರಿಗೆ ಫೋನು ಮಾಡಿದಳು. ಅವರು ಆಳಂದದಲ್ಲಿ ಯಾರಿಗೋ ಡಯಾಲಿಸಿಸ್‌ಗೆಂದು ಕುತ್ತಿಗೆಗೆ ನಳಿಕೆ ಹಾಕುತ್ತಿದ್ದರು. ಫೋನು ಎತ್ತಲಿಲ್ಲ.

ಕೆಳಗಿನ ಕೇಂದ್ರದಿಂದ ಹುಡುಗಿಯೊಬ್ಬಳು ಬಂದು, "ಮೇಡಂ, ಪೇಷಂಟ್ ಮಲಗಿಸೀವ್ರಿ, ಎಷ್ಟು ಹಾಕೂದ್ರಿ?" ಎಂದು ಕೇಳಿ ಹೋದಳು. ಆಳಂದದಿಂದ ಅದೇ ಪ್ರಶ್ನೆ. ಮೂರು ಊರುಗಳಲ್ಲಿ ಜನ ಹಾಸಿಗೆಯ ಮೇಲೆ ಕಾಯುತ್ತಿದ್ದರು. ಏನೂ ಇಲ್ಲದ್ದಕ್ಕಿಂತ ಹಳೆಯದಾದರೂ ಇರಲಿ ಎಂದುಕೊಂಡಳು ಅಫ್ರೀನ. ಹಳೆಯ ಬ್ಯಾಕಪ್ಪಿನಿಂದ ತೂಕಗಳನ್ನು ಹೊರತೆಗೆದು, ಒಬ್ಬೊಬ್ಬರ ಹೆಸರಿಗೂ ತುಂಬುವಂತೆ ಒಂದು ಪುಟ್ಟ ಪ್ರೋಗ್ರಾಮು ಬರೆದು ಓಡಿಸಿದಳು. ಖಾಲಿ ಮನೆಗಳು ತುಂಬಿದವು.

ಕೆಳಗೆ ಓಡಿ ಜೇವರ್ಗಿಯವರಿಗೆ ಹೇಳಿದಳು: "ಇವು ಹಳೇ ತೂಕ ಅವ. ಡಾಕ್ಟರ್ ಹೇಳೂ ತನಕ ನೀರು ಎಳೀಬ್ಯಾಡ್ರಿ." ಆಳಂದಕ್ಕೆ ಫೋನು ಹಚ್ಚಿ ಹೇಳಿದಳು. ಅಫಜಲಪುರದ ಫೋನು ಬಿಜಿ ಬಂತು. ಮತ್ತೆ ಹಚ್ಚುವಷ್ಟರಲ್ಲಿ ಮನೆಯಿಂದ ಖಾಸೀಂಬಿಯ ಕರೆ.

"ಬೇಟಿ, ನೂರೀನಗ ಮೈ ಸುಡಾಕತ್ತದ. ದವಾಖಾನಿಗೆ ಒಯ್ಯಲ್ಯಾ, ನೀ ಬರ್ತಿಯಾ?"

"ಅಮ್ಮೀ, ಮುಜೀಬಗ ಕರೀರಿ. ನಾ ಈಗ ಬರಾಕ ಆಗಂಗಿಲ್ಲ. ಹಣಿ ಮ್ಯಾಲ ಒದ್ದಿ ಬಟ್ಟಿ ಇಡ್ರಿ. ನೀಲಿ ಮುಚ್ಚಳದ ಔಷಧ ಕಪಾಟಿನಾಗ..."

ಯಾವ ಕಪಾಟು, ಎಷ್ಟು ಹನಿ, ಉಂಡ ಮೇಲೋ ಮೊದಲೋ ಎಂದೆಲ್ಲ ಹೇಳಿ ಮುಗಿಸಿ, ಅಫಜಲಪುರಕ್ಕೆ ಮತ್ತೆ ಹಚ್ಚಿದಾಗ ಯಾರೂ ಎತ್ತಲಿಲ್ಲ. ಸುಭದ್ರಾಬಾಯಿಯಿಂದ ಒಂದು ಸಂದೇಶ ಮಾತ್ರ ಬಂದು ಬಿದ್ದಿತ್ತು: "ತೂಕ ಬಂತು ತಂಗಿ. ಥ್ಯಾಂಕ್ಸ್."

ಹಳೇ ತೂಕ, ಎಳೀಬ್ಯಾಡ್ರಿ ಎಂದು ಅಫ್ರೀನ ಬರೆದು ಕಳಿಸಿದಳು, ಯಾರೂ ತೆರೆದು ನೋಡಲಿಲ್ಲ; ಫೋನು ಹಚ್ಚುತ್ತಲೇ ಇದ್ದಳು. ಕೊನೆಗೊಮ್ಮೆ ಎತ್ತಿದ ಸುಭದ್ರಾಬಾಯಿಯ ದನಿ ಬೇರೆಯೇ ಆಗಿತ್ತು.

"ಗೊಬ್ಬೂರಿನ ಮಲಂಗಸಾಬರದು ಬಿಪಿ ಬಿತ್ತು. ಕೈಕಾಲು ಸೆಟೆದು ಚೀರಿದ್ರು, ಆಮ್ಯಾಲ ಎಚ್ಚರಾನೇ ಇರ್ಲಿಲ್ಲ. ನೀರು ಎಳಿಯೂದು ನಿಲ್ಲಿಸೀನಿ, ಸಲೈನ್ ಬಿಟ್ಟೀನಿ. ಈಗ ಕಣ್ಣು ತೆರದಾರ. ತಂಗಿ, ಆ ತೂಕ..."

"ಹಳೇದು, ಅಕ್ಕಾರ. ಹೇಳಾಕಂತನೇ ಫೋನ್ ಹಚ್ಚಾಕತ್ತಿದ್ದೆ."

ಸುಭದ್ರಾಬಾಯಿ ಆ ಕಡೆ ಯಾರಿಗೋ ಸಲೈನ್ ನೋಡಿಕೋ ಎಂದು ಹೇಳಿ, ಮತ್ತೆ ಫೋನಿಗೆ ಬಂದರು.

"ಖಾಲಿ ಇದ್ದಾಗ ನಾ ನಿನಗ ಕೇಳಿದ್ದೆ," ಎಂದರು ಸುಭದ್ರಾಬಾಯಿ. "ತುಂಬಿ ಬಂದ ಮ್ಯಾಲ ಯಾಕ ಕೇಳ್ಲಿ?"

ಕಲಬುರಗಿಗೆ ಹೋಗಿ ಬಸ್ಸು ಬದಲಿಸಿ ಅಫ್ರೀನ ಅಫಜಲಪುರಕ್ಕೆ ಹೊರಟಳು. ಯಾರೂ ಬಾ ಎಂದಿರಲಿಲ್ಲ. ಕಿಟಕಿಯ ಗಾಜಿಗೆ ತಲೆಯಿಟ್ಟರೆ ಗಾಜು ನಡುಗಿ ಹಲ್ಲು ಕಟಕಟ ಎನ್ನುತ್ತಿತ್ತು. ಆದರೂ ಅಲ್ಲಿಂದ ತಲೆ ತೆಗೆಯುವಷ್ಟು ಶಕ್ತಿ ಇರಲಿಲ್ಲ. ಮುಜೀಬ ಸಂದೇಶ ಕಳಿಸಿದ್ದ: ಕೂಸಿಗೆ ಔಷಧ ಹಾಕಿಸಿದ್ದೇನೆ, ಮಲಗಿದೆ. ಓದಿ ಅವಳಿಗೆ ಅಳು ಬಂತು. ಪಕ್ಕದಲ್ಲಿದ್ದ ಹೆಂಗಸು ನೋಡಿಯೂ ನೋಡದಂತೆ ತನ್ನ ಚೀಲವನ್ನು ಮಡಿಲಿಗೆ ಎಳೆದುಕೊಂಡಳು.

ಮಲಂಗಸಾಬರನ್ನು ಕೇಂದ್ರದ ಒಳಗಿನ ಹಾಸಿಗೆಯಲ್ಲೇ ಉಳಿಸಿಕೊಂಡಿದ್ದರು. ಅರವತ್ತು ದಾಟಿದ ತೆಳ್ಳನೆಯ ಆಳು, ಬಿಳಿ ಗಡ್ಡ. ಗೊಬ್ಬೂರಿನಲ್ಲಿ ಗೋಡೆ ಕಟ್ಟುವ ಗೌಂಡಿ ಕೆಲಸ ಮಾಡುತ್ತಿದ್ದರಂತೆ, ಕಿಡ್ನಿ ಕೆಡುವ ತನಕ. ಹೆಂಡತಿ ಸರ್ವರಬೇಗಂ ಅವರ ಕಾಲ ಬಳಿ ಕುಳಿತು ಮೀನಖಂಡ ತಿಕ್ಕುತ್ತಿದ್ದರು. ಸುಭದ್ರಾಬಾಯಿ ಅಫ್ರೀನಳನ್ನು ನೋಡಿ ಒಂದು ಸ್ಟೂಲನ್ನು ಕಾಲಿನಿಂದ ಸರಿಸಿ ಕೊಟ್ಟರು.

"ಖಾಲಾ," ಎಂದಳು ಅಫ್ರೀನ, "ಕಂಪ್ಯೂಟರಿನಾಗ ಚಾಚಾರ ತೂಕ ತಪ್ಪು ಬಂದಿದ್ದು ನನ್ನಿಂದ. ಸಿಸ್ಟರಂದು ಏನೂ ತಪ್ಪಿಲ್ಲ."

ಸರ್ವರಬೇಗಂ ತಿಕ್ಕುವುದನ್ನು ನಿಲ್ಲಿಸಲಿಲ್ಲ. "ನೀ ಡಾಕ್ಟರಾ?"

"ಅಲ್ರಿ. ಕಂಪ್ಯೂಟರ್ ಕೆಲಸದಾಕಿ."

"ಮತ್ತ ಇವರ ತೂಕ ನಿನ್ನ ಕೈಯಾಗ ಯಾಕ ಬಂತು?"

ಹೆಸರು ಬದಲಿಸಿದ್ದು, ಕಾಲಮ್ಮು ಕಿತ್ತದ್ದು, ಬ್ಯಾಕಪ್ಪು ನಿಂತದ್ದು ಎಲ್ಲವನ್ನೂ ಅಫ್ರೀನ ಬಸ್ಸಿನಲ್ಲಿ ಹೇಗೆ ಹೇಳಬೇಕೆಂದು ಜೋಡಿಸಿಕೊಂಡು ಬಂದಿದ್ದಳು. ಈ ಹಾಸಿಗೆಯ ಮುಂದೆ ಅದರಲ್ಲಿ ಒಂದು ಮಾತೂ ಉಪಯೋಗಕ್ಕೆ ಬರುವಂತಿರಲಿಲ್ಲ.

"ತೂಕದ ಲೆಕ್ಕ ಇಡಾಕ ಕಂಪ್ಯೂಟರಿನಾಗ ಹೊಸಾದು ಮಾಡಿದ್ದೆ, ಖಾಲಾ. ಹಳೇದು ಅಳಿಸಿಹೋತು. ಮಳಿಗಾಲದಾಗಿಂದು ಇತ್ತು, ಅದನ್ನ ತುಂಬಿದೆ. ಆಮ್ಯಾಲ ಚಾಚಾ ಮೈ ಹಿಡದಾರ ಅಂತ ನನಗ ಗೊತ್ತಿರಲಿಲ್ಲ."

"ಮೈ ಹಿಡದಾರ," ಎಂದರು ಸರ್ವರಬೇಗಂ. "ಮಳಿಗಾಲದಾಗ ಟೈಫಾಯಿಡ್ ಬಂದು ಎಲುಬು ಎಲುಬು ಆಗಿದ್ರು. ಆಮ್ಯಾಲ ನಾ ತತ್ತಿ ಕುದಿಸಿ, ಕುದಿಸಿ ತಿನಿಸಿ, ಈಟು ಮೈ ಬರಿಸೀನಿ. ನಿನ್ನ ಮಷೀನು ಅದನ್ನ ನೀರಂತ ತಿಳಕೊಂಡು ಎಳೀಲಿಕ್ಕೆ ಹೋತಲ್ಲ." ಅವರ ದನಿ ಏರಲಿಲ್ಲ. ಬೈಯುವುದಕ್ಕೂ ದಣಿವಾದವರ ದನಿ ಅದು. "ಹೋಗವಾ. ನಿನ್ನ ಮಾರಿ ನೋಡಿ ನನಗೇನು ಆಗಬೇಕಾಗ್ಯಾದ."

ಮಲಂಗಸಾಬರು ಕಣ್ಣು ತೆರೆದರು. ಹೆಂಡತಿಯ ಕಡೆಗೂ ಹುಡುಗಿಯ ಕಡೆಗೂ ನೋಡಿ, "ಯಾರು?" ಎಂದರು.

"ತೂಕ ಬರಿಯಾಕಿ," ಎಂದರು ಸರ್ವರಬೇಗಂ.

"ಚಾಚಾ, ನಿಮ್ಮ ಡ್ರೈ ವೇಟ್ ಎಷ್ಟಿತ್ತು ಅಂತ ನಿಮಗ ನೆನಪದ ಏನ್ರಿ?" ಎಂದು ಅಫ್ರೀನ ಕೇಳಿದಳು.

"ನನಗ ಯಾರು ಹೇಳ್ಯಾರ?" ಎಂದರು ಮಲಂಗಸಾಬರು. "ತಕ್ಕಡಿ ಮ್ಯಾಲ ನಿಂದರು ಅಂತಾರ, ನಿಂದರ್ತೀನಿ. ಮಲಗು ಅಂತಾರ, ಮಲಗ್ತೀನಿ. ಎದ್ದೇಳು ಅಂದಾಗ ಏಳ್ತೀನಿ." ಮತ್ತೆ ಕಣ್ಣು ಮುಚ್ಚಿಕೊಂಡರು.

ಡಾ. ಅರುಣಕುಮಾರ ಆಳಂದದ ಕೆಲಸ ಮುಗಿಸಿ ಸಂಜೆಗೆ ಬಂದರು. ಬಂದವರೇ ಕೈಚೀಲವನ್ನು ನೆಲಕ್ಕಿಟ್ಟು, ಮಲಂಗಸಾಬರ ಪಾದದ ಗಂಟನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. ಎದೆಗೆ ಸ್ಟೆತಾಸ್ಕೋಪು ಇಟ್ಟು ಬಹಳ ಹೊತ್ತು ಕೇಳಿದರು. ಏನು ಉಣ್ಣುತ್ತೀರಿ, ಮಲಗಿದರೆ ದಮ್ಮು ಹತ್ತುತ್ತದೆಯೇ ಎಂದು ವಿಚಾರಿಸಿದರು. ರಾತ್ರಿ ತಾಲೂಕು ಆಸ್ಪತ್ರೆಯಲ್ಲಿ ಇರಲಿ, ಭಯವೇನಿಲ್ಲ ಎಂದು ಸರ್ವರಬೇಗಂಗೆ ಹೇಳಿ, ಆಂಬುಲೆನ್ಸಿನಲ್ಲಿ ಕಳಿಸಿದ ಮೇಲೆ ಹೊರಗಿನ ಬೆಂಚಿನಲ್ಲಿ ಅಫ್ರೀನಳ ಪಕ್ಕ ಬಂದು ಕುಳಿತರು.

ಅವಳು ನಡೆದದ್ದನ್ನೆಲ್ಲ ಹೇಳಿದಳು. ಅವರು ನಡುನಡುವೆ ಕಣ್ಣು ಮುಚ್ಚುತ್ತಿದ್ದರು. ನಿದ್ದೆ ಹೋದರೆಂದು ಅವಳು ನಿಲ್ಲಿಸಿದರೆ, "ಹೂಂ, ಮುಂದ" ಎನ್ನುತ್ತಿದ್ದರು.

"ನಾ ಕೆಲಸ ಬಿಡ್ತೇನಿ ಸರ್," ಎಂದಳು ಕೊನೆಗೆ.

"ಬಿಟ್ರ ಯಾರಿಗೆ ಕೂಡಿಸ್ಲಿ ಅಲ್ಲಿ? ಹೊಸಬ್ರು ಬಂದು ನಿಮ್ಮ ಪ್ರೋಗ್ರಾಮ್ ತಿಳಕೊಳ್ಳೂದರಾಗ ಇನ್ನೊಂದು ಏನರ ಅಳಿಸ್ತಾರ." ಅವರು ಮುಖ ಉಜ್ಜಿಕೊಂಡರು. "ನಿಮಗ ನಾ ಮಾಫ್ ಮಾಡೀನಿ ಅಂತ ತಿಳಕೋಬ್ಯಾಡ್ರಿ. ಮಾಫ್ ಮಾಡೂದು ನಂದಲ್ಲ. ಕೆಲಸ ಅದ, ಅದನ್ನ ಮಾಡಬೇಕು. ಎಲ್ಲಾರ ಡ್ರೈ ವೇಟ್ ಹೊಸದಾಗಿ ಗೊತ್ತು ಮಾಡ್ಬೇಕು, ಒಬ್ಬೊಬ್ರನ್ನ ನೋಡಿ. ನೀವು ನನ್ನ ಕೂಡ ಬರ್ರಿ, ಅಲ್ಲೇ ಕುಂತು ಬರೀರಿ. ಅಲ್ಲೀ ತನಕ ಆ ಹಳೇ ತೂಕ ಎಲ್ಲಾ ತೆಗೀರಿ. ಖಾಲಿನೇ ಇರ್ಲಿ."

ಅವಳು ಅಲ್ಲೇ ಬೆಂಚಿನ ಮೇಲೆ ಲ್ಯಾಪ್‌ಟಾಪು ತೆರೆದು ಅದನ್ನು ತೆಗೆದಳು. ತಾನೇ ಬೆಳಿಗ್ಗೆ ತುಂಬಿದ್ದ ಮನೆಗಳು ಮತ್ತೆ ಖಾಲಿಯಾದವು. ಸುಭದ್ರಾಬಾಯಿ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಒಳಗೆ ಹೋಗಿ ಎರಡು ಕಪ್ಪಿನಲ್ಲಿ ಚಹಾ ತಂದು, ಒಂದನ್ನು ಡಾಕ್ಟರಿಗೂ ಒಂದನ್ನು ಅಫ್ರೀನಳಿಗೂ ಕೊಟ್ಟರು.

ಆ ವಾರ ಅಫ್ರೀನ ಮೊದಲು ಓಆರ್‌ಎಂನ ಆ ಸೌಲಭ್ಯವನ್ನು ಮುಚ್ಚಿದಳು. ಟೇಬಲಿನಲ್ಲಿ ಏನೇ ಬದಲಿಸಬೇಕಾದರೂ ಇಂಥದ್ದು ತೆಗೆಯುತ್ತೇನೆ, ಇಂಥದ್ದು ಸೇರಿಸುತ್ತೇನೆ ಎಂದು ಕೈಯಿಂದ ಬರೆದು, ಓದಿ, ನಕಲು ಡೇಟಾಬೇಸಿನ ಮೇಲೆ ಓಡಿಸಿ ನೋಡಿ, ಆಮೇಲೆಯೇ ನಿಜವಾದದ್ದನ್ನು ಮುಟ್ಟುವಂತೆ ಮಾಡಿಕೊಂಡಳು. ಬ್ಯಾಕಪ್ಪು ನಿಂತರೆ ಅವಳಿಗೂ ಡಾಕ್ಟರಿಗೂ ಸಂದೇಶ ಹೋಗುವಂತೆ ಮಾಡಿದಳು. ಡ್ರೈ ವೇಟನ್ನು ರೋಗಿಯ ಟೇಬಲಿನಿಂದ ಹೊರತೆಗೆದು ಬೇರೆ ಟೇಬಲಿನಲ್ಲಿಟ್ಟಳು. ಹೊಸ ತೂಕ ಬಂದರೆ ಹಳೆಯದು ಅಳಿಯುವುದಿಲ್ಲ, ಅದರ ಕೆಳಗೆ ಇನ್ನೊಂದು ಸಾಲಾಗಿ ಸೇರುತ್ತದೆ. ಪ್ರತಿ ಸಾಲಿನಲ್ಲೂ ಯಾವ ದಿನ, ಯಾರು ಗೊತ್ತು ಮಾಡಿದ್ದು ಎಂದು ಇರಲೇಬೇಕು. ತೂಕ ಹಳೆಯದಾಗಿದ್ದರೆ ಪರದೆಯ ಮೇಲೆ ಸಂಖ್ಯೆಯೇ ಬರದೆ, 'ಡಾಕ್ಟರನ್ನು ಕೇಳಿ' ಎಂದು ಬರುತ್ತದೆ. ಇಷ್ಟನ್ನೂ ಮೊದಲೇ ಮಾಡಬಹುದಿತ್ತು. ಕಷ್ಟದ ಕೆಲಸವೇನಲ್ಲ. ಬರೆಯುವಾಗಲೆಲ್ಲ ಅವಳಿಗೆ ಅದೇ ಚುಚ್ಚುತ್ತಿತ್ತು.

ಟ್ರಸ್ಟಿನ ಹಿರಿಯರು ಸಭೆ ಕರೆದು, ಹಳೆಯ ಪ್ರೋಗ್ರಾಮೇ ಇರಲಿ ಎಂದರು. ಒಬ್ಬರು ಅಫ್ರೀನಳ ಮುಖ ನೋಡದೆ, "ಮನ್ಯಾಗ ಸಣ್ಣ ಕೂಸಿದ್ದೋರಿಗೆ ಇಂಥಾ ಕೆಲಸ ಕೊಡಬಾರದಿತ್ತು" ಎಂದರು. ಡಾ. ಅರುಣಕುಮಾರ ಅವಳನ್ನು ಹೊಗಳಲೂ ಇಲ್ಲ, ಬಿಟ್ಟುಕೊಡಲೂ ಇಲ್ಲ. "ಹಳೇದ್ರಾಗ ಹಿಂದಿಂದೇನೂ ಸಿಗಂಗಿಲ್ಲ. ಹೊಸಾದ್ರಾಗ ಸಿಗ್ತದ. ನನಗ ಹೊಸಾದು ಬೇಕು" ಎಂದಷ್ಟೇ ಹೇಳಿ, ಅಫಜಲಪುರದಲ್ಲಿ ರೋಗಿಗಳು ಕಾಯುತ್ತಿದ್ದಾರೆಂದು ಎದ್ದು ಹೋದರು.

ಆಮೇಲಿನ ವಾರಗಳಲ್ಲಿ ಅವಳು ಡಾಕ್ಟರ ಕಾರಿನ ಹಿಂದಿನ ಸೀಟಿನಲ್ಲಿ ಮೂರೂ ಊರು ತಿರುಗಿದಳು. ಒಬ್ಬೊಬ್ಬ ರೋಗಿಯದೂ ಒಂದೇ ಸಲಕ್ಕೆ ಗೊತ್ತಾಗುವಂತಿರಲಿಲ್ಲ. ಸ್ವಲ್ಪ ನೀರು ತೆಗೆದು, ಬಿಪಿ ನೋಡಿ, ಮುಂದಿನ ಪಾಳಿಯಲ್ಲಿ ಇನ್ನೂ ಸ್ವಲ್ಪ ತೆಗೆದು, ಹಾಗೆ ಹುಡುಕಬೇಕಿತ್ತು. ತಮ್ಮ ತೂಕ ತಾವೇ ನೆನಪಿಟ್ಟವರು ಕೆಲವರಿದ್ದರು. ನೆನಪಿದೆ ಎಂದುಕೊಂಡು ತಪ್ಪು ಹೇಳಿದವರೂ ಇದ್ದರು. ನೆಲೋಗಿಯ ಒಬ್ಬ ಮುದುಕಿ, ದಿನಾ ಯಾಕೆ ಕಾಲು ಒತ್ತುತ್ತೀರಿ ಎಂದು ಡಾಕ್ಟರ ಕೈಯನ್ನು ತಳ್ಳಿಬಿಟ್ಟಳು.

ಆಳಂದದಲ್ಲಿ ಹಿರೋಳ್ಳಿಯಿಂದ ಬರುತ್ತಿದ್ದ ಭುವನೇಶ್ವರಿ ಎಂಬಾಕೆ ಇದ್ದಳು. ಅಂಗನವಾಡಿ ಕಾರ್ಯಕರ್ತೆ, ಅಫ್ರೀನಳದೇ ವಯಸ್ಸು. ಅಫ್ರೀನ ತೂಕ ಬರೆದುಕೊಂಡು ಎದ್ದಾಗ ಆಕೆ ಸೆರಗು ಹಿಡಿದು ನಿಲ್ಲಿಸಿದಳು.

"ನಂದು ಎಷ್ಟು ಬರದ್ರಿ?"

"ನಲವತ್ನಾಕೂವರಿ."

"ಇಷ್ಟು ವರ್ಷ ಆತು ಬರಾಕತ್ತು, ಇವತ್ತ ಮೊದಲ ಸಲ ಕೇಳಾಕತ್ತೀನಿ ನೋಡ್ರಿ. ಅಂಗನವಾಡ್ಯಾಗ ಹುಡುಗುರ್ದು ತೂಗಿ ತೂಗಿ ಅವರವ್ವನ ಕಡೆ ಚೀಟಿ ಕೊಡ್ತೀನಿ ನಾ. ನನಗ ಯಾರೂ ಕೊಟ್ಟಿಲ್ಲ."

ಆ ಮಾತು ಡಾಕ್ಟರ ಕಿವಿಗೂ ಬಿತ್ತು. ಅಂದಿನಿಂದ ಪ್ರತಿ ಪಾಳಿಯ ಮೊದಲು ರೋಗಿಗೆ ಅವರ ಡ್ರೈ ವೇಟನ್ನೂ ಇವತ್ತು ಎಷ್ಟು ನೀರು ಎಳೆಯುತ್ತೇವೆಂಬುದನ್ನೂ ಓದಿ ಹೇಳಬೇಕು, ಅವರು ಹೂಂ ಎಂದ ಮೇಲೆಯೇ ಯಂತ್ರ ಶುರು ಮಾಡಬೇಕು ಎಂದು ಮೂರೂ ಕೇಂದ್ರಗಳಿಗೆ ಹೇಳಿದರು. ಸಿಸ್ಟರುಗಳು ಗೊಣಗಿದರು, ಇನ್ನೊಂದು ಕೆಲಸ ಹೆಚ್ಚಾಯಿತೆಂದು. ಹೆಚ್ಚಾದದ್ದು ನಿಜವೇ. ಅಫ್ರೀನ ಪರದೆಯ ಮೇಲೆ ಅದಕ್ಕೊಂದು ಗುಂಡಿ ಮಾಡಿದಳು; ಒತ್ತದೆ ಮುಂದಿನ ಪುಟ ತೆರೆಯುವುದಿಲ್ಲ.

ಮಲಂಗಸಾಬರು ಅವಳ ಜೊತೆ ಮಾತಾಡುತ್ತಿರಲಿಲ್ಲ. ಅವಳು ಅಫಜಲಪುರಕ್ಕೆ ಹೋದ ದಿನಗಳಲ್ಲಿ ಸಲಾಂ ಹೇಳಿದರೆ ತಲೆ ಅಲುಗಿಸಿ ಗೋಡೆಯ ಕಡೆ ತಿರುಗುತ್ತಿದ್ದರು. ಸರ್ವರಬೇಗಂ ಅಷ್ಟೂ ಮಾಡುತ್ತಿರಲಿಲ್ಲ. ಮಲಂಗಸಾಬರ ತೂಕ ಸರಿಯಾಗಿ ಗೊತ್ತಾಗಲು ಎಲ್ಲರಿಗಿಂತ ಹೆಚ್ಚು ದಿನ ಹಿಡಿಯಿತು. ಆ ಸೋಮವಾರದ ನಂತರ ನೀರು ಎಳೆಯುವುದೆಂದರೆ ಅವರ ಮೈ ಮೊದಲೇ ಬಿಗಿಯುತ್ತಿತ್ತು, ಬಿಪಿ ಏರುತ್ತಿತ್ತು. ಅದು ಕಂಪ್ಯೂಟರಿನಲ್ಲಿ ಬರೆದು ಸರಿಮಾಡುವಂಥದ್ದಲ್ಲ. ಸುಭದ್ರಾಬಾಯಿ ಪ್ರತಿ ಸಲ ಅವರ ಪಕ್ಕದಲ್ಲಿ ಮೊದಲ ಅರ್ಧ ತಾಸು ಕುಳಿತಿರುತ್ತಿದ್ದರು.

ಕೊನೆಗೆ ಒಂದು ದಿನ ಡಾಕ್ಟರು ಐವತ್ಮೂರು ಎಂದು ಖಚಿತ ಮಾಡಿದರು. ಬೇಸಿಗೆ ಶುರುವಾಗಿತ್ತು. ಕೇಂದ್ರದ ಕೂಲರು ಸದ್ದು ಮಾಡುತ್ತಿತ್ತೇ ಹೊರತು ತಂಪು ಬರುತ್ತಿರಲಿಲ್ಲ. ಅಫ್ರೀನ ಅದನ್ನು ಬರೆದು, ದಿನಾಂಕ ನೋಡಿ, ಉಳಿಸಿದಳು. ಸುಭದ್ರಾಬಾಯಿ ಓದಿ ಹೇಳಲು ಬಾಯಿ ತೆರೆದರು.

"ನೀವಲ್ಲ ಬಾಯಾರ," ಎಂದರು ಮಲಂಗಸಾಬರು. ಅಫ್ರೀನಳ ಕಡೆ ಬೆರಳು ಮಾಡಿದರು. "ಆಕಿ ಹೇಳ್ಲಿ."

ಅಫ್ರೀನ ಎದ್ದು ಹಾಸಿಗೆಯ ಬಳಿ ಬಂದಳು. "ಚಾಚಾ, ನಿಮ್ಮ ಡ್ರೈ ವೇಟ್ ಐವತ್ಮೂರು. ಇವತ್ತು ನೀವು ಬಂದಿದ್ದು ಐವತ್ನಾಕೂವರಿ. ಒಂದೂವರಿ ಎಳೀತಾರ."

"ಇನ್ನೊಮ್ಮೆ."

ಅವಳು ಇನ್ನೊಮ್ಮೆ ಹೇಳಿದಳು. ಮಲಂಗಸಾಬರು ಹೆಂಡತಿಯ ಕಡೆ ನೋಡಿದರು. ಸರ್ವರಬೇಗಂ ಬೆರಳು ಮಡಿಸಿ ತಮ್ಮೊಳಗೇ ಲೆಕ್ಕ ಹಾಕಿ, "ಬರೋಬ್ಬರಿ ಅದ" ಎಂದರು.

"ಹೂಂ," ಎಂದರು ಮಲಂಗಸಾಬರು ಸುಭದ್ರಾಬಾಯಿಗೆ. "ಹಚ್ಚರಿ."

ಯಂತ್ರ ತಿರುಗತೊಡಗಿತು. ಅವರು ಎಡಗೈಯನ್ನು ಹಣೆಯ ಮೇಲಿಟ್ಟು ಕಣ್ಣು ಮುಚ್ಚಿದರು. ಅಫ್ರೀನ ಅಲ್ಲೇ ಸ್ವಲ್ಪ ಹೊತ್ತು ನಿಂತು, ಬಿಪಿಯ ಮೊದಲ ಅಂಕಿ ಬರುವ ತನಕ ಕಾದು, ಲ್ಯಾಪ್‌ಟಾಪು ಚೀಲಕ್ಕೆ ಹಾಕಿ, ಕಲಬುರಗಿ ಬಸ್ಸು ಸಿಕ್ಕೀತೇ ಎಂದು ಸುಭದ್ರಾಬಾಯಿಯನ್ನು ಕೇಳಿದಳು.

"ಸಿಗ್ತದ, ಜಲ್ದಿ ನಡಿ," ಎಂದರು ಅವರು. "ಮಾರಿ ಎಲ್ಲಾ ಇಳದು ಹೋಗ್ಯಾದ ನಿಂದು. ಮನಿಗೆ ಹೋಗಿ ಜರಾ ಮಲಗು, ತಂಗಿ."